ಅಮ್ಮ ತಿಕ್ಕಿದ ಎಂಟಾಣೆ

ನಮ್ಮನೆಗೆ ಬಂದವರಿಗೆ ನಾನು ಮೊದಲು ತೋರಿಸೋದು ನನ್ನ ಹತ್ರ ಇರೋದ್ರಲ್ಲೇ ಅತೀ ಅಗ್ಗದ ನಾಣ್ಯ. ಹನ್ನೆರಡು ಡಾಲರ್ ಕೊಟ್ಟು ತಗೊಂಡಿದ್ದು. ನಾವಿರೋದು ಅಮೆರಿಕದ ಸಿನ್ಸಿನಾಟಿ ಊರಿನ ಹೊರಗಡೆ, ಇಲ್ಲಿ ಆಗಾಗ ಭಾನುವಾರ ಕಾಯಿನ್ ಶೋ ಆಗುತ್ತೆ, ಶೋ ಅಂದ್ರೆ ದೊಡ್ಡದೇನೂ ಅಲ್ಲ, ಒಂದು ಹಾಲ್, ಮಡಚೋ ಟೇಬಲ್‌ಗಳು, ಒಂದೊಂದು ಟೇಬಲ್‌ಗೂ ಒಂದು ಲ್ಯಾಂಪು, ಅದರ ಹಿಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜ. ಅಂಥ ಒಬ್ಬ ಅಜ್ಜನ ಟೇಬಲ್ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇತ್ತು, ಯಾರಿಗೂ ಬೇಡವಾದ ಬೆಳ್ಳಿಯೆಲ್ಲ ಅದರೊಳಗೆ, ತೂಕದ ರೇಟು. ಕೈಯಾಡಿಸ್ತಾ ಇದ್ದಾಗ ಸಿಕ್ಕಿದ್ದು 1893ನೇ ಇಸವಿಯ ಕೊಲಂಬಸ್ ಅರ್ಧ ಡಾಲರ್. ಮುಖ ಇದೆ, ಆದ್ರೆ ಕೂದಲು ಪೂರ್ತಿ ಸವೆದು ಬೋಳು ಬೋಳು. ಹಿಂದುಗಡೆ ಹಡಗು ಇದೆ, ಹಾಯಿಪಟ ಯಾವುದು ಹಗ್ಗ ಯಾವುದು ಗೊತ್ತಾಗಲ್ಲ. ನಯವಾಗಿಬಿಟ್ಟಿದೆ, ನದಿ ಕಲ್ಲಿನ ಥರ.

ಅಜ್ಜನಿಗೆ ಕೇಳಿದೆ, ಇದು ನೆನಪಿಗೆ ಅಂತ ಇಟ್ಕೊಳ್ಳೋ ನಾಣ್ಯ ಅಲ್ವಾ, ಇಷ್ಟು ಹೇಗೆ ಸವೆಯಿತು ಅಂತ. ಅವನು ಕನ್ನಡಕ ಮೇಲೆ ಮಾಡ್ಕೊಂಡು ನೋಡಿ, ಯಾರೋ ಇದನ್ನ ಕೊಟ್ಟು ಊಟ ಮಾಡಿದ್ದಾರೆ ಅಂದ. ಅಷ್ಟೇ. ಮುಂದಿನ ಗಿರಾಕಿ ಕಡೆ ತಿರುಗಿದ.

ಅರ್ಧ ಡಾಲರ್ ಅಂದ್ರೆ ಇವರ ಎಂಟಾಣೆ. 1892ರಿಂದ 1954ರ ತನಕ ಅಮೆರಿಕದ ಟಂಕಸಾಲೆ ಆಗಾಗ ಒಂದೊಂದು ಸಂದರ್ಭಕ್ಕೆ ಅಂತ ವಿಶೇಷ ಬೆಳ್ಳಿ ಎಂಟಾಣೆ ಹೊಡೀತಿತ್ತು. ರಾಜ್ಯಕ್ಕೆ ನೂರು ವರ್ಷ, ಊರಿಗೆ ಮುನ್ನೂರು ವರ್ಷ, ಯಾವುದೋ ಯುದ್ಧ, ಯಾವುದೋ ಸೇತುವೆ, ಹೀಗೆ 48 ಬಗೆ ಅರ್ಧ ಡಾಲರ್, ಜೊತೆಗೆ ಒಂದು ಕಾಲು ಡಾಲರ್, ಒಂದು ಪೂರ್ತಿ ಡಾಲರ್. ಇಸವಿ, ಟಂಕಸಾಲೆ ಗುರುತು ಎಲ್ಲ ಬೇರೆ ಬೇರೆ ಲೆಕ್ಕ ಹಾಕಿದ್ರೆ 144 ಆಗುತ್ತೆ. ಅರ್ಧ ಡಾಲರ್ ಒಂದೊಂದೂ ಹನ್ನೆರಡೂವರೆ ಗ್ರಾಮ್, ಅದರಲ್ಲಿ ನೂರಕ್ಕೆ ತೊಂಬತ್ತು ಭಾಗ ಬೆಳ್ಳಿ, ಉಳಿದಿದ್ದು ತಾಮ್ರ. ವ್ಯವಹಾರ ಹೇಗಪ್ಪಾ ಅಂದ್ರೆ, ಯಾವುದೋ ಸಂಘ ಕಾಂಗ್ರೆಸ್ಸಿಗೆ, ಅಂದ್ರೆ ಇಲ್ಲಿನ ಸಂಸತ್ತಿಗೆ, ಹೋಗಿ ಕಾನೂನು ಪಾಸ್ ಮಾಡಿಸ್ಕೊಂಡು ಬರ್ತಿತ್ತು, ಟಂಕಸಾಲೆ ಹೊಡೆದ ನಾಣ್ಯನ ಮುಖಬೆಲೆಗೇ ಆ ಸಂಘಕ್ಕೆ ಕೊಡ್ತಿತ್ತು, ಸಂಘದವರು ಅದನ್ನ ಒಂದು ಡಾಲರ್‌ಗೋ ಎರಡು ಡಾಲರ್‌ಗೋ ಮಾರಿ ಬಂದ ಲಾಭದಲ್ಲಿ ಸ್ಮಾರಕ ಕಟ್ಟಬೇಕು, ಉತ್ಸವ ಮಾಡಬೇಕು. ಅಂದ್ರೆ ಸರ್ಕಾರದ ಮುದ್ರೆ ಇರೋ ಚಂದಾ ರಸೀದಿ. ನಮ್ಮೂರಲ್ಲಿ ಗಣೇಶನ ಚಂದಾ ಎತ್ತಿದವರಿಗೆಲ್ಲ ಈ ವ್ಯವಹಾರದ ಒಳಗುಟ್ಟು ತಕ್ಷಣ ಅರ್ಥ ಆಗುತ್ತೆ, ಮುಂದಕ್ಕೆ ಏನಾಗಿರಬಹುದು ಅಂತಾನೂ.

ಈ ಇಡೀ ಸಾಲಿಗೆ ಮೊದಲನೇದು ನನ್ನ ಬೋಳು ಕೊಲಂಬಸ್ಸೇ. ಅವನು ಬಂದು ನಾನೂರು ವರ್ಷ ಆಯ್ತು ಅಂತ ಚಿಕಾಗೋದಲ್ಲಿ 1893ರ ಮೇ 1ಕ್ಕೆ ದೊಡ್ಡ ಮೇಳ ಶುರುವಾಯ್ತು, ಅದರ ಖರ್ಚಿಗೆ ಈ ನಾಣ್ಯ, ಎಂಟಾಣೆನ ಒಂದು ಡಾಲರ್‌ಗೆ ಮಾರಿದ್ರು. ಮೊಟ್ಟಮೊದಲು ಹೊಡೆದಿದ್ದನ್ನ ರೆಮಿಂಗ್ಟನ್ ಟೈಪ್‌ರೈಟರ್‌ನೋರು ಹತ್ತು ಸಾವಿರ ಡಾಲರ್ ಕೊಟ್ಟು ತಗೊಂಡು ಪ್ರಚಾರ ಗಿಟ್ಟಿಸ್ಕೊಂಡ್ರು, ಹೌದು, ನಮ್ಮ ಟೈಪಿಂಗ್ ಕ್ಲಾಸುಗಳಲ್ಲಿ ಕಟಕಟ ಅಂತಿದ್ದ ಅದೇ ರೆಮಿಂಗ್ಟನ್. ಅನುಮತಿ ಸಿಕ್ಕಿದ್ದು 50 ಲಕ್ಷ ನಾಣ್ಯಕ್ಕೆ. ಆದ್ರೆ ಮೇಳ ಶುರುವಾಗೋ ಹೊತ್ತಿಗೆ ಸರಿಯಾಗಿ ಅಮೆರಿಕದಲ್ಲಿ ಬ್ಯಾಂಕುಗಳು ಸಾಲಾಗಿ ಬಾಗಿಲು ಹಾಕೋಕೆ ಶುರು ಮಾಡಿದ್ವು, ರೈಲ್ವೆ ಕಂಪನಿಗಳು ಮುಳುಗಿದ್ವು, ಜನಕ್ಕೆ ಕೆಲಸ ಹೋಯ್ತು. ನಾಣ್ಯ ಅಂದ್ಕೊಂಡಷ್ಟು ಮಾರಾಟ ಆಗ್ಲಿಲ್ಲ. ಅರ್ಧದಷ್ಟನ್ನ ವಾಪಸ್ ಕರಗಿಸಿದ್ರು, ಉಳಿದ ಸುಮಾರು 25 ಲಕ್ಷದಲ್ಲಿ ಎಷ್ಟೋ ಸುಮ್ನೆ ಮುಖಬೆಲೆಗೇ ಬಜಾರಿಗೆ ಬಿಟ್ಟಿದ್ದು. ಡಾಲರ್ ಕೊಟ್ಟು ಜೋಪಾನವಾಗಿ ಇಟ್ಕೊಂಡಿದ್ದವರೂ ಕಷ್ಟಕ್ಕೆ ಎಂಟಾಣೆ ಲೆಕ್ಕಕ್ಕೇ ಖರ್ಚು ಮಾಡಿದ್ರು.

ನನಗೆ ಈ ನಾಣ್ಯ ಹಿಡ್ಕೊಂಡಾಗೆಲ್ಲ ತಲೆಗೆ ಬರೋ ಇನ್ನೊಂದು ವಿಷಯ, ಆ ಮೇಳದ ಅಂಗವಾಗೇ ಸೆಪ್ಟೆಂಬರ್‌ನಲ್ಲಿ ಸರ್ವಧರ್ಮ ಸಮ್ಮೇಳನ ನಡೆದಿದ್ದು, ವಿವೇಕಾನಂದರು ಮಾತಾಡಿದ್ದು. ಅವರು ಬೇಗ ಬಂದುಬಿಟ್ಟಿದ್ರು, ಚಿಕಾಗೋದ ಖರ್ಚು ತಡೆಯೋಕಾಗದೆ ಮಧ್ಯೆ ಬಾಸ್ಟನ್ ಕಡೆ ಹೋಗಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ಕೈಯಲ್ಲಿ ಕಾಸು ಎಣಿಸ್ತಾ ಆ ಬೀದಿಗಳಲ್ಲಿ ಓಡಾಡಿದ ಮನುಷ್ಯನಿಗೆ ಚಿಲ್ಲರೆ ವಾಪಸ್ ಬರುವಾಗ ಇಂಥದ್ದೊಂದು ಬಂದಿರಬಹುದಾ? ಇದಕ್ಕೆ ಆಧಾರ ಗೀಧಾರ ಏನಿಲ್ಲ, ರಾತ್ರಿ ಹತ್ತೂವರೆಗೆ ಲೂಪ್, ಅಂದ್ರೆ ಪುಟ್ಟ ಭೂತಗನ್ನಡಿ, ಕಣ್ಣಿಗೆ ಹಿಡ್ಕೊಂಡು ಕೂತಿರೋನ ತಲೆಹರಟೆ. ಇಂಡಿಯಾ ಹುಡುಕ್ಕೊಂಡು ಹೊರಟೋನು ಇಲ್ಲಿಗೆ ಬಂದು ಮುಟ್ಟಿದ, ಇಂಡಿಯಾದಲ್ಲೇ ಹುಟ್ಟಿದ ನಾನೂ ಇಲ್ಲಿಗೇ ಬಂದೆ, ಈಗ ಇಬ್ಬರೂ ಒಹಾಯೋದ ಒಂದು ಅಡುಗೆಮನೆ ಟೇಬಲ್ ಮೇಲೆ ಮುಖಾಮುಖಿ. ಅಂದ ಹಾಗೆ ನಾಣ್ಯದ ಮೇಲಿರೋ ಆ ಮುಖವೂ ಊಹೆಯದ್ದೇ, ಕೊಲಂಬಸ್ ಬದುಕಿದ್ದಾಗ ಅವನನ್ನ ಕೂರಿಸ್ಕೊಂಡು ಬಿಡಿಸಿದ ಚಿತ್ರ ಒಂದೂ ಉಳಿದಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರ್ತೀನಿ.

ಈ ಸಾಲಿನಲ್ಲಿ ಅತೀ ಚೆಂದದ್ದು ಯಾವುದು ಅಂತ ಕೇಳಿದ್ರೆ ಹತ್ತರಲ್ಲಿ ಏಳು ಜನ ಓರೆಗಾನ್ ಟ್ರೇಲ್ ಅಂತಾರೆ, ನಾನೂ ಆ ಏಳರಲ್ಲಿ ಒಬ್ಬ. ವಲಸೆ ಹೊರಟವರು ಗಾಡಿ ಕಟ್ಕೊಂಡು ಪಶ್ಚಿಮಕ್ಕೆ ಹೋದ ದಾರಿಯ ಹೆಸರು ಅದು. ಗಂಡ ಹೆಂಡತಿ ಇಬ್ಬರು ಶಿಲ್ಪಿಗಳು, ಜೇಮ್ಸ್ ಅರ್ಲ್ ಫ್ರೇಸರ್ ಮತ್ತು ಲಾರಾ ಗಾರ್ಡಿನ್ ಫ್ರೇಸರ್, ಸೇರಿ ಮಾಡಿದ್ದು. ಒಂದು ಕಡೆ ಕಮಾನು ಗಾಡಿ, ಎತ್ತುಗಳು ಕತ್ತು ಬಗ್ಗಿಸಿ ಎಳೀತಾ ಇವೆ, ಎದುರಿಗೆ ದೊಡ್ಡ ಸೂರ್ಯ ಮುಳುಗ್ತಾ ಕಿರಣಗಳು ನಾಣ್ಯದ ಅಂಚಿನ ತನಕ ಹರಡಿವೆ. ಇನ್ನೊಂದು ಕಡೆ ಅಮೆರಿಕದ ನಕ್ಷೆ, ಅದರ ಮೇಲೆ ಒಬ್ಬ ಆದಿವಾಸಿ, ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈ ಮುಂದಕ್ಕೆ ಚಾಚಿ ಅಂಗೈ ತೋರಿಸ್ತಿದ್ದಾನೆ, ನಿಲ್ಲಿ ಅನ್ನೋ ಥರ. ಒಂದು ಮುಖದಲ್ಲಿ ಬರೋರು, ಇನ್ನೊಂದು ಮುಖದಲ್ಲಿ ತಡೆಯೋನು, ಅವರಿಬ್ಬರೂ ಯಾವತ್ತೂ ಒಬ್ಬರನ್ನೊಬ್ಬರು ನೋಡಲ್ಲ. ಇದನ್ನ ಹೊಡೆಸಿದ ಸಂಘದ ಹಿಂದೆ ಇದ್ದ ಎಜ್ರಾ ಮೀಕರ್ ಅನ್ನೋ ಮುದುಕ 1852ರಲ್ಲಿ ನಿಜವಾಗ್ಲೂ ಎತ್ತಿನ ಗಾಡೀಲಿ ಆ ದಾರಿ ಹಿಡಿದು ಪಶ್ಚಿಮಕ್ಕೆ ಹೋದೋನು, ಆ ದಾರಿ ಅಳಿಸಿಹೋಗ್ತಿದೆ ಅಂತ ಎಪ್ಪತ್ತೈದು ದಾಟಿದ ಮೇಲೆ 1906ರಲ್ಲಿ ಮತ್ತೆ ಎತ್ತು ಕಟ್ಟಿ ಅದೇ ದಾರೀಲಿ ಪೂರ್ವಕ್ಕೆ ವಾಪಸ್ ಬಂದ, ದಾರಿಯುದ್ದಕ್ಕೂ ಗುರುತಿನ ಕಲ್ಲು ನೆಡಿಸ್ತಾ. 1928ರ ಡಿಸೆಂಬರ್‌ನಲ್ಲಿ ಸತ್ತಾಗ ಅವನಿಗೆ 97. ಅದೇ ವರ್ಷ ಹೊಡೆದ ಐವತ್ತು ಸಾವಿರ ನಾಣ್ಯ ಮಾತ್ರ ಕೊಳ್ಳೋರಿಲ್ಲದೆ 1933ರ ತನಕ ಟಂಕಸಾಲೆಯಲ್ಲೇ ಬಿದ್ದಿತ್ತು, ಕೊನೆಗೆ ಅದರಲ್ಲಿ 44,000 ಕರಗಿಸಿಬಿಟ್ರು.

ನಾನು ತಗೊಂಡಿದ್ದು 1926ರದ್ದು. ಯಾರೋ ಅದನ್ನ ಎಷ್ಟೋ ವರ್ಷ ಹಳೇ ರಟ್ಟಿನ ಆಲ್ಬಂನಲ್ಲಿ ಇಟ್ಟಿದ್ರು ಅನ್ಸುತ್ತೆ. ರಟ್ಟಿನಲ್ಲಿ ಗಂಧಕ ಇರುತ್ತೆ, ಅದು ನಿಧಾನಕ್ಕೆ ಬೆಳ್ಳಿಗೆ ಹತ್ತಿ ಮೇಲೊಂದು ತೆಳು ಪದರ ಕಟ್ಟುತ್ತೆ, ಆ ಪದರ ಎಷ್ಟು ದಪ್ಪ ಅನ್ನೋದರ ಮೇಲೆ ಬಣ್ಣ, ಮೊದಲು ತಿಳಿ ಹಳದಿ, ಆಮೇಲೆ ಕೆಂಪು ನೇರಳೆ, ಆಮೇಲೆ ನೀಲಿ. ಮಳೆಗಾಲದಲ್ಲಿ ಬಸ್ ಸ್ಟ್ಯಾಂಡ್ ನೀರಲ್ಲಿ ಪೆಟ್ರೋಲ್ ಬಿದ್ದಾಗ ಕಾಣುತ್ತಲ್ಲ, ಅದೇ ಕಾರಣ, ಅದೇ ಬಣ್ಣ. ನನ್ನ ನಾಣ್ಯದ ಸೂರ್ಯನ ಸುತ್ತ ಸರಿಯಾಗಿ ಸಂಜೆ ಬಣ್ಣ ಬಂದಿತ್ತು, ಅಂಚಲ್ಲಿ ನವಿಲುಗರಿ ನೀಲಿ. ಇದಕ್ಕೆ ಟೋನಿಂಗ್ ಅಂತಾರೆ, ಒಳ್ಳೆ ಟೋನಿಂಗ್ ಇದ್ರೆ ಬೆಲೆ ಎರಡು ಪಟ್ಟು ಮೂರು ಪಟ್ಟು. ನಾನು ಆ ತಿಂಗಳು ಹೊರಗಡೆ ಊಟ ಎಲ್ಲ ನಿಲ್ಲಿಸಿ ತಗೊಂಡಿದ್ದೆ. ಗ್ರೇಡಿಂಗ್‌ಗೆ ಕಳಿಸೋಣ ಅಂತ, ಅಂದ್ರೆ ಒಂದರಿಂದ ಎಪ್ಪತ್ತರ ತನಕ ನಂಬರ್ ಹಾಕಿ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡಿ ಕೊಡೋ ಕಂಪನಿಗಳಿವೆ, ಅಲ್ಲಿಗೆ ಕಳಿಸೋಣ ಅಂತ ಫಾರ್ಮ್ ತುಂಬಿ ಮೇಜಿನ ಮೇಲೆ ಇಟ್ಟಿದ್ದೆ.

ಆಗ ಅಮ್ಮ ಮೈಸೂರಿಂದ ಬಂದಿದ್ರು, ಆರು ತಿಂಗಳಿಗೆ. ಒಂದು ಗುರುವಾರ ಸಂಜೆ ಆಫೀಸಿಂದ ಬರ್ತೀನಿ, ಅಡುಗೆಮನೆ ಕಟ್ಟೆ ಮೇಲೆ ಹಳೇ ಪಂಚೆ ತುಂಡು ಹಾಸಿದೆ, ಅದರ ಮೇಲೆ ಜೋಡಿ ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆ, ಉದ್ಧರಣೆ, ಎಲ್ಲ ಬೆಳ್ಳಗೆ ಹೊಳೀತಾ ಸಾಲಾಗಿ ಕೂತಿವೆ. ಸಾಲಿನ ಕೊನೆಯಲ್ಲಿ ನನ್ನ ಓರೆಗಾನ್ ಟ್ರೇಲ್.

"ನಿನ್ನ ಎತ್ತಿನ ಗಾಡಿ ನಾಣ್ಯ ಎಷ್ಟು ಕಿಲುಬು ಹಿಡಿದಿತ್ತೋ, ವಿಭೂತಿ ಹಾಕಿ ತಿಕ್ಕಿಟ್ಟಿದೀನಿ ನೋಡು, ಹೇಗೆ ಫಳಫಳ ಅಂತಿದೆ" ಅಂದ್ರು ಅಮ್ಮ.

ನಾನು ನೋಡ್ದೆ. ಫಳಫಳ ಅಂತಲೇ ಇತ್ತು. ಸಂಜೆ ಹೋಗಿ ನಡುಮಧ್ಯಾಹ್ನ ಆಗಿತ್ತು. ತೊಂಬತ್ತು ವರ್ಷ ಸುಮ್ನೆ ಕೂತು ಕಟ್ಟಿಕೊಂಡಿದ್ದ ಬಣ್ಣ ಎರಡು ನಿಮಿಷದಲ್ಲಿ ಪಂಚೆ ತುಂಡಿಗೆ ಕಪ್ಪಗೆ ಹತ್ತಿತ್ತು. ನನ್ನ ಹೆಂಡತಿ ಬಾಗಿಲ ಹತ್ರ ನಿಂತು ನನ್ನ ಮುಖಾನೇ ನೋಡ್ತಿದ್ಲು, ಅವಳಿಗೆ ಬೆಲೆ ಗೊತ್ತು. ನಾನು "ಚೆನ್ನಾಗಿದೆ ಅಮ್ಮ" ಅಂದೆ. ಇನ್ನೇನು ಹೇಳ್ಲಿ? ಹುಟ್ಟಿದಾಗಿಂದ ನಾನೂ ನೋಡಿರೋದು ಅದೇ, ಬೆಳ್ಳಿ ಕಪ್ಪಾದ್ರೆ ಮನೆಯವರು ಸೋಮಾರಿಗಳು ಅಂತ ಅರ್ಥ, ಹಬ್ಬದ ಹಿಂದಿನ ದಿನ ವಿಭೂತಿಯಲ್ಲಿ ತಿಕ್ಕಬೇಕು, ಅಮ್ಮನಿಗೆ ಅವರಮ್ಮ ಹೇಳ್ಕೊಟ್ಟಿದ್ದು ಅದು. ಮೊದಮೊದಲು ನಾನೇ ಎರಡು ಕೊಲಂಬಸ್ ನಾಣ್ಯನ ಟೂತ್‌ಪೇಸ್ಟ್ ಹಾಕಿ ಉಜ್ಜಿ ಹಾಳು ಮಾಡಿದ್ದೆ, ಅದನ್ನ ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೀತಿರೋದು.

ಒಂದು ಅಂಗಡಿಯವನಿಗೆ ತೋರಿಸ್ದೆ, ಈ ಕಡೆ ಆ ಕಡೆ ವಾಲಿಸಿ ನೋಡಿ, ಕ್ಲೀನ್ಡ್ ಅಂದ, ವಾಪಸ್ ತಳ್ಳಿದ. ಈ ಹವ್ಯಾಸದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಗ್ರೇಡಿಂಗ್ ಫಾರ್ಮ್ ಹರಿದು ಹಾಕ್ದೆ. ಕೆಲವು ದಿನ ಆದ್ಮೇಲೆ ಲೂಪ್‌ನಲ್ಲಿ ನೋಡಿದಾಗ ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಮಾನ್ಯವಾಗಿ ಉಜ್ಜಿದ ನಾಣ್ಯದಲ್ಲಿ ಗೀರುಗಳು ನೇರವಾಗಿ ಒಂದೇ ದಿಕ್ಕಿಗೆ ಇರ್ತವೆ. ಇದರಲ್ಲಿ ಸಣ್ಣ ಸಣ್ಣ ಸುತ್ತು, ಗಾಡಿ ಚಕ್ರದ ಮೇಲೆ, ಎತ್ತಿನ ಬೆನ್ನ ಮೇಲೆ, ಸೂರ್ಯನ ಮೇಲೆ, ಎಲ್ಲ ಕಡೆ ಬಲಗಡೆಗೆ ತಿರುಗಿದ ಸುತ್ತು. ಅಮ್ಮ ದೀಪದ ಕಂಬ ತಿಕ್ಕೋದೂ ಹಾಗೇ, ಹೆಬ್ಬೆರಳು ಒತ್ತಿ ಗುಂಡಗೆ.

ಹೋಗ್ಲಿ ಬಿಡಿ. ಈಗಿರೋ ನಮ್ಮೂರು ಸಿನ್ಸಿನಾಟಿ ನಾಣ್ಯದ ಕಥೆ ಹೇಳ್ತೀನಿ, ಇದು ಬೇಜಾರಿಗಿಂತ ಕೋಪ ತರಿಸೋದು. 1936ರಲ್ಲಿ ಈ ಸ್ಮರಣೆ ನಾಣ್ಯದ ಹುಚ್ಚು ನೆತ್ತಿಗೇರಿತ್ತು, ಒಂದೇ ವರ್ಷದಲ್ಲಿ ಯಾವ ಯಾವ ಊರೋ ನಾಣ್ಯ ಹೊಡೆಸ್ಕೊಂಡ್ವು. ಆಗ ಸಿನ್ಸಿನಾಟಿಯಲ್ಲಿ ಥಾಮಸ್ ಮೆಲಿಶ್ ಅಂತ ಒಬ್ಬ ವ್ಯಾಪಾರಿ ಇದ್ದ, ಸ್ವತಃ ನಾಣ್ಯ ಸಂಗ್ರಾಹಕ. ಅವನು ಸಿನ್ಸಿನಾಟಿ ಸಂಗೀತದ ಕೇಂದ್ರ ಆಗಿ ಐವತ್ತು ವರ್ಷ ಆಯ್ತು ಅಂತ ಕಾನೂನು ಪಾಸ್ ಮಾಡಿಸ್ಕೊಂಡ. ನಾಣ್ಯದ ಮೇಲೆ 1886, 1936 ಅಂತ ಇದೆ. 1886ರಲ್ಲಿ ಇಲ್ಲಿ ಏನಾಯ್ತು? ಏನೂ ಆಗ್ಲಿಲ್ಲ. ಇಲ್ಲಿನ ಹೆಸರಾಂತ ಸಂಗೀತೋತ್ಸವ ಮೇ ಫೆಸ್ಟಿವಲ್ ಶುರುವಾಗಿದ್ದು 1873ರಲ್ಲಿ, ಅದನ್ನ ಕಟ್ಟಿದ್ದು ಥಿಯೊಡೋರ್ ಥಾಮಸ್, ಅವನ ಮುಖ ಹಾಕ್ಬಹುದಿತ್ತು, ಹಾಕ್ಲಿಲ್ಲ. ಹಾಕಿದ್ದು ಸ್ಟೀಫನ್ ಫಾಸ್ಟರ್ ಮುಖ, ಹಾಡು ಬರೆದು ದೊಡ್ಡ ಹೆಸರು ಮಾಡಿದೋನು ನಿಜ, ಆದ್ರೆ ಅವನು 1840ರ ದಶಕದ ಕೊನೆಯಲ್ಲಿ ಒಂದಷ್ಟು ವರ್ಷ ಇಲ್ಲಿ ಅಣ್ಣನ ಆಫೀಸಲ್ಲಿ ಲೆಕ್ಕ ಬರೀತಿದ್ದ, 1864ರಲ್ಲಿ ತೀರಿಕೊಂಡ. ಸತ್ತು ಇಪ್ಪತ್ತೆರಡು ವರ್ಷ ಆದ್ಮೇಲೆ ಏನೂ ನಡೆಯದ ಇಸವಿಯ ನೆನಪಿಗೆ ಅವನ ಮುಖ!

ಮೂರು ಟಂಕಸಾಲೆಯಲ್ಲೂ ಐದೈದು ಸಾವಿರ ಹೊಡೆಸಿ ಮೂರರ ಸೆಟ್ಟಿಗೆ ಏಳು ಮುಕ್ಕಾಲು ಡಾಲರ್ ಬೆಲೆ ಇಟ್ರು. ಇರೋದೇ ಐದು ಸಾವಿರ ಸೆಟ್ಟು, ಹಣ ಕಳಿಸಿದ ಸಾಮಾನ್ಯ ಸಂಗ್ರಾಹಕರಲ್ಲಿ ಎಷ್ಟೋ ಜನಕ್ಕೆ ಮುಗಿದುಹೋಯ್ತು ಅನ್ನೋ ಉತ್ತರ ಬಂತು, ಸ್ವಲ್ಪ ದಿನಕ್ಕೆ ಅದೇ ಸೆಟ್ಟು ಹಲವು ಪಟ್ಟು ಬೆಲೆಗೆ ಮಾರ್ಕೆಟ್ಟಲ್ಲಿ. ಹಿಂದಿನ ವರ್ಷ ಡೇನಿಯಲ್ ಬೂನ್ ಅನ್ನೋ ಹಳೇ ಅನ್ವೇಷಕನ ನಾಣ್ಯದಲ್ಲೂ ಇದೇ ಕರಾಮತ್ತು ಆಗಿತ್ತು, 1935ರ ನಾಣ್ಯದ ಮೇಲೆ ಪುಟ್ಟದಾಗಿ 1934 ಅಂತ ಸೇರಿಸಿ ಎರಡು ಟಂಕಸಾಲೆಯಿಂದ ಬರೀ ಎರಡೆರಡು ಸಾವಿರ ಹೊಡೆಸಿ, ಅಪರೂಪದ್ದು ಅಂತ ಮಾಡಿಬಿಟ್ಟಿದ್ರು. ಎಷ್ಟು ಸಲ ಅಂತ ಜನ ಸಹಿಸ್ತಾರೆ. ಕೊನೆಗೆ 1939ರ ಆಗಸ್ಟ್‌ನಲ್ಲಿ ಕಾಂಗ್ರೆಸ್ಸು ಹಳೇ ಅನುಮತಿಗಳನ್ನೆಲ್ಲ ರದ್ದು ಮಾಡ್ತು. ಸಿನ್ಸಿನಾಟಿ ನಾಣ್ಯ ಇವತ್ತಿಗೂ ಈ ಸಾಲಿನಲ್ಲಿ ದುಬಾರಿಯದ್ದೇ. ಹದಿನಾರು ವರ್ಷದಿಂದ ಇದೇ ಊರಲ್ಲಿ ಇದ್ದೀನಿ, ನಮ್ಮೂರ ಹೆಸರಿರೋ ನಾಣ್ಯ ನನ್ನ ಹತ್ರ ಇಲ್ಲ, ದುಡ್ಡಿಲ್ಲ ಅಂತ ಅಲ್ಲ, ಪ್ರತಿ ಸಲ ಕೈಗೆತ್ತಿಕೊಂಡಾಗಲೂ 1886 ಅನ್ನೋದು ಕಣ್ಣಿಗೆ ಚುಚ್ಚಿ ವಾಪಸ್ ಇಟ್ಟುಬಿಡ್ತೀನಿ. ಹೆಂಡತಿ ಇದಕ್ಕೆ ಜಿಪುಣತನ ಅಂತಾಳೆ.

ಎಲ್ಲಾನೂ ಮೋಸ ಅಲ್ಲ, ಕೆಲವು ಬರೀ ತಮಾಷೆ. ಕಬೇಸಾ ದೆ ವಾಕಾ ಅನ್ನೋ ಸ್ಪೇನ್ ದೇಶದ ಪ್ರಯಾಣಿಕನ ನೆನಪಿಗೆ 1935ರಲ್ಲಿ ಒಂದು ನಾಣ್ಯ ಬಂತು, ಅವನ ಚಿತ್ರ ಇರಲಿಲ್ಲ, ಆ ಹೆಸರಿಗೆ ಹಸುವಿನ ತಲೆ ಅಂತ ಅರ್ಥ, ಸರಿ ಅಂತ ಹಸುವಿನ ತಲೆನೇ ಹಾಕಿಬಿಟ್ರು. ನ್ಯೂ ರೋಶೆಲ್ ಅನ್ನೋ ಊರಿನ ನಾಣ್ಯದಲ್ಲಿ ಒಂದು ಕೊಬ್ಬಿದ ಕರು ಇದೆ, ಜಮೀನು ಕೊಟ್ಟ ಒಡೆಯನಿಗೆ ವರ್ಷಕ್ಕೊಂದು ಕರು ಕೊಡಬೇಕು ಅನ್ನೋ ಹಳೇ ಕರಾರಿನ ನೆನಪಿಗೆ, ನಮ್ಮ ಗೇಣಿ ಪದ್ಧತಿ ಇದ್ದ ಹಾಗೆ. ನಾರ್ಫಕ್ ಅನ್ನೋ ಊರಿನದ್ದಂತೂ ಒಂದೇ ನಾಣ್ಯದ ಮೇಲೆ ಐದು ಇಸವಿ, ಆದ್ರೆ ಅದು ಹೊಡೆದ ವರ್ಷ 1937, ಅದೊಂದೇ ಅಲ್ಲಿ ಇಲ್ಲ.

ನನಗೆ ಹತ್ತಿರ ಆಗಿರೋದು ಕೊನೆ ಕೊನೆಯ ಎರಡು. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ, ಗುಲಾಮನಾಗಿ ಹುಟ್ಟಿ ದೊಡ್ಡ ಶಿಕ್ಷಣತಜ್ಞ ಆದ ಬೂಕರ್ ಟಿ. ವಾಷಿಂಗ್ಟನ್ ಅರ್ಧ ಡಾಲರ್ ಬಂತು. ಅಮೆರಿಕದ ನಾಣ್ಯದ ಮೇಲೆ ಬಂದ ಮೊದಲ ಕಪ್ಪು ಮನುಷ್ಯ ಅವನೇ, ವಿನ್ಯಾಸ ಮಾಡಿದ ಐಸಾಕ್ ಸ್ಕಾಟ್ ಹ್ಯಾಥವೇ ಕೂಡ ಅಮೆರಿಕದ ನಾಣ್ಯ ರೂಪಿಸಿದ ಮೊದಲ ಕಪ್ಪು ಶಿಲ್ಪಿ. ಹಿಂದೆ ಒಂದು ಮರದ ಗುಡಿಸಲು, ಗುಲಾಮರ ಗುಡಿಸಲಿಂದ ಕೀರ್ತಿಭವನಕ್ಕೆ ಅಂತ ಬರಹ. ಬೂಕರ್ ಹುಟ್ಟಿದ ಜಾಗ ಉಳಿಸ್ಕೊಳ್ಳೋಕೆ ದುಡ್ಡು ಎತ್ತೋದು ಉದ್ದೇಶ. 1951ರ ತನಕ ವರ್ಷ ವರ್ಷ ಹೊಡೆದ್ರು, ಮಾರಾಟ ಆಗಿದ್ದು ಸ್ವಲ್ಪ, ಹದಿನೈದು ಲಕ್ಷಕ್ಕಿಂತ ಹೆಚ್ಚು ಕರಗಿಸಿ ಆ ಬೆಳ್ಳಿಯಲ್ಲೇ ಬೂಕರ್ ಜೊತೆ ಕಾರ್ವರ್ ಮುಖನೂ ಸೇರಿಸಿ ಇನ್ನೊಂದು ನಾಣ್ಯ ಮಾಡಿದ್ರು. ಕಾರ್ವರ್ ಅಂದ್ರೆ ಕಡಲೆಕಾಯಿ ವಿಜ್ಞಾನಿ. ಆ ಎರಡನೇ ನಾಣ್ಯದ ಕಾನೂನಿನಲ್ಲಿ ಬರೆದ ಉದ್ದೇಶ ಏನು ಗೊತ್ತಾ, ಕಪ್ಪು ಜನರಲ್ಲಿ ಕಮ್ಯುನಿಸಂ ಹರಡದ ಹಾಗೆ ತಡೆಯೋದು. ಎಂಟಾಣೆ ನಾಣ್ಯದ ತಲೆ ಮೇಲೆ ಎಷ್ಟು ಭಾರ ನೋಡಿ. ಈ ಎರಡೂ ಡೀಲರ್‌ಗಳ ಡಬ್ಬದಲ್ಲಿ ಬೆಳ್ಳಿ ರೇಟಿಗೇ ಸಿಗುತ್ತೆ, ಎಷ್ಟೋ ಸಲ ಸವೆದು. ಪರ್ಸಿನಲ್ಲಿ ಓಡಾಡಿದ ನಾಣ್ಯ, ಬಸ್ ಟಿಕೆಟ್ಟಿಗೆ ಕೊಟ್ಟ ನಾಣ್ಯ. ಗ್ರೇಡಿಂಗ್ ಮಾಡಿಸೋರು ಇವನ್ನ ಮೂಸಿಯೂ ನೋಡಲ್ಲ. ನಾನು ಇಂಥವನ್ನೇ ಹುಡುಕಿ ತರ್ತೀನಿ, ಈಗ ಇಪ್ಪತ್ತಮೂರು ಇದೆ.

ಬೆಲೆ ಏರುತ್ತಾ ಅಂತ ಕೇಳೋರಿಗೆ ಒಂದು ಮಾತು: 1986, 87ರಲ್ಲಿ ಗ್ರೇಡಿಂಗ್ ಕಂಪನಿಗಳು ಶುರುವಾದ್ಮೇಲೆ ಷೇರು ಥರ ಇವನ್ನ ಕೊಳ್ಳೋಕೆ ಶುರು ಮಾಡಿದ್ರು, 1989ರಲ್ಲಿ ಬೆಲೆ ಆಕಾಶ ಮುಟ್ಟಿ ಬಿತ್ತು, ಆವಾಗಿನ ಬೆಲೆ ಎಷ್ಟೋ ನಾಣ್ಯಗಳಿಗೆ ಇವತ್ತಿಗೂ ವಾಪಸ್ ಬಂದಿಲ್ಲ. ಮಕ್ಕಳ ಕಾಲೇಜಿಗೆ ಅಂತ ದುಡ್ಡು ಇಡೋದಾದ್ರೆ ಬೇರೆ ಕಡೆ ಇಡಿ.

ಈ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಹೆಂಡತಿ ಕಳಶಕ್ಕೆ ಅಕ್ಕಿ, ಖರ್ಜೂರ, ಅರಿಶಿನ ಕೊಂಬು ಎಲ್ಲ ಜೋಡಿಸ್ಕೊಂಡು, "ರೀ, ಒಂದು ಬೆಳ್ಳಿ ನಾಣ್ಯ ಕೊಡ್ರಿ, ಇಷ್ಟು ಇಟ್ಕೊಂಡಿದೀರಲ್ಲ" ಅಂದ್ಲು. ಊರಲ್ಲಾದ್ರೆ ವಿಕ್ಟೋರಿಯಾ ರಾಣಿ ರೂಪಾಯಿ ಹಾಕ್ತಿದ್ದರು. ಪೆಟ್ಟಿಗೆ ತೆಗೆದು ನೋಡ್ದೆ, ಒಳ್ಳೊಳ್ಳೆಯದೆಲ್ಲ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಆಗಿ ಕೂತಿವೆ, ಕಳಶದ ಬಾಯೊಳಗೆ ಇಳಿಯೋದೂ ಇಲ್ಲ, ಲಕ್ಷ್ಮಿ ಮುಟ್ಟೋಕೂ ಆಗಲ್ಲ. ಬೋಳು ಕೊಲಂಬಸ್ ಒಂದು, ಎತ್ತಿನ ಗಾಡಿ ಒಂದು ಕೊಟ್ಟೆ. ಅರಿಶಿನ ಕುಂಕುಮ ಬಿದ್ರೂ ಇವಕ್ಕೆ ಇನ್ನು ಹೋಗೋದೇನಿಲ್ಲ.

ಬೆಳಗ್ಗೆ ಪೂಜೆ ಆದ್ಮೇಲೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ವಿ, ಅಲ್ಲಿ ಸಂಜೆ. ಸೀರೆ, ಹೂವು, ಹೋಳಿಗೆ ಎಲ್ಲ ವಿಚಾರಣೆ ಆಯ್ತು. ಕಳಶದೊಳಗೆ ಏನು ಹಾಕಿದ್ರಿ ಅಂತ ಕೇಳಿದ್ರು, ಹೇಳ್ದೆ.

"ಆ ಎತ್ತಿನ ಗಾಡಿದು ಮತ್ತೆ ಕಪ್ಪಾಯ್ತೇನೋ?"

"ಕಪ್ಪೇನಿಲ್ಲ ಅಮ್ಮ, ಅಂಚಲ್ಲಿ ಒಂಚೂರು ಹಳದಿ ತಿರುಗ್ತಾ ಇದೆ."

"ನೀವು ತಿಕ್ಕಲ್ಲ ಗೊತ್ತು ನಂಗೆ. ಇರ್ಲಿ, ಮುಂದಿನ ವರ್ಷ ಬಂದಾಗ ನಾನೇ ತಿಕ್ಕಿ ಕೊಡ್ತೀನಿ."

"ಹೂಂ ಅಮ್ಮ" ಅಂದೆ.